ಸೂಪರ್‌ವೈಸರ್ ಎಂಬ ಹುಂಜ

ಆಗ ನನಗೆ ಅರವತ್ತೇಳು. ಈಗ ಎಪ್ಪತ್ತಾರು ನಡೆಯುತ್ತಿದೆ ಎಂದರೆ ಒಂಬತ್ತು ವರ್ಷದ ಹಿಂದಿನ ಮಾತು. ನನ್ನ ವಯಸ್ಸನ್ನು ಪೂರ್ತಿ ನಂಬಬೇಡಿ. ಕೆರೆ ಕೋಡಿ ಒಡೆದ ವರ್ಷ ಹುಟ್ಟಿದವಳು ಎಂದು ನಮ್ಮವ್ವ ಹೇಳುತ್ತಿದ್ದಳು, ರೇಷನ್ ಕಾರ್ಡಿನವರು ಅದಕ್ಕೊಂದು ತಾರೀಖು ಹಾಕಿದರು, ನಾನು ಅದನ್ನೇ ಇಟ್ಟುಕೊಂಡೆ.

ಹೋದ ವಾರ ಸೊಸೆ ಮಂಜುಳಾ ಅಟ್ಟ ಗುಡಿಸುವಾಗ ನನ್ನ ಹಳೆಯ ಫೋನು ಸಿಕ್ಕಿತು. ಗಾಜು ಬಿರುಕು ಬಿಟ್ಟಿದೆ, ಜೀವ ಇಲ್ಲ. ಕೆಳಗೆ ಬಲಮೂಲೆಯಲ್ಲಿ ಮಾತ್ರ ಗಾಜು ಸವೆದು ಮಂಜು ಕವಿದ ಹಾಗಾಗಿದೆ. ಅದು ನನ್ನ ಹೆಬ್ಬೆರಳಿನ ಕೆಲಸ. ವಾಟ್ಸಾಪಿನಲ್ಲಿ ಮಾತು ತುಂಬಿ ಕಳಿಸುವ ಗುಂಡಿ ಇದ್ದದ್ದು ಅಲ್ಲೇ. ಬೇರೆಯವರು ಮೆಲ್ಲಗೆ ಒತ್ತುತ್ತಾರೆ, ನಾನು ಸಗಣಿ ತಟ್ಟುವ ಹಾಗೆ ಒತ್ತುತ್ತಿದ್ದೆ. ಎಸೆಯಲಾ ಅತ್ತೆ ಎಂದು ಮಂಜುಳಾ ಕೇಳಿದಳು. ಎಸೆ ಎಂದೆ. ಅವಳು ಎಸೆದ ಮೇಲೆ ಅದೆಲ್ಲ ನೆನಪಿಗೆ ಬಂತು.

ನಮ್ಮ ಮನೆ ಇರುವುದು ಜಿಗಣಿಯಿಂದ ಒಳಗೆ. ಹೊಲವೆಲ್ಲ ಫ್ಯಾಕ್ಟರಿಯಾದ ಮೇಲೆ ಉಳಿದ ಊರು. ಕೆಳಗಡೆ ನಾನು, ಮಗ ನಾಗರಾಜ, ಸೊಸೆ. ಮೇಲೆ ಬಾಡಿಗೆಗೆ ಒಂದು ಮನೆ, ಹಿತ್ತಲಲ್ಲಿ ಶೀಟು ಹೊದಿಸಿದ ನಾಲ್ಕು ರೂಮು. ರೂಮುಗಳಲ್ಲಿ ರಾಯಚೂರು ಕಡೆಯಿಂದ ಬಂದು ಫ್ಯಾಕ್ಟರಿಗೂ ಗಾರೆ ಕೆಲಸಕ್ಕೂ ಹೋಗುವವರು. ಮೇಲಿನ ಮನೆಯಲ್ಲಿ ಸುಮಾ ಟೀಚರ್, ಜೊತೆಗೆ ಎರಡು ಬೆಕ್ಕು. ಮನೆ ನೋಡಲು ಬಂದ ದಿನ ಅವರು ಬೆಕ್ಕಿನ ವಿಷಯ ಎತ್ತಿರಲಿಲ್ಲ. ನಾನೂ ನನ್ನ ಕೋಳಿಗಳ ವಿಷಯ ಎತ್ತಿರಲಿಲ್ಲ. ಹಾಗಾಗಿ ಸರಿಹೋಯಿತು.

ನಮ್ಮ ಬೂದು ಹ್ಯಾಟೆ ಕೋಳಿಯ ಮರಿಗಳಲ್ಲಿ ಹದ್ದಿಗೂ ಮುಂಗುಸಿಗೂ ಸಿಕ್ಕದೆ ಉಳಿದದ್ದು ಒಂದೇ ಹುಂಜ. ಕೆಂಪು ಮೈ, ಕಪ್ಪು ಬಾಲ, ಕತ್ತಿನ ಸುತ್ತ ಹೊಂಬಣ್ಣ. ಬೆಳಿಗ್ಗೆ ರೂಮಿನವರು ನಲ್ಲಿಯ ಹತ್ತಿರ ಮುಖ ತೊಳೆಯಲು ಸಾಲು ನಿಂತರೆ ಅದು ಕತ್ತು ಚಾಚಿಕೊಂಡು ಒಬ್ಬೊಬ್ಬರ ಕಾಲ ಬಳಿಯೂ ನಿಂತು ನೋಡಿ ಮುಂದಕ್ಕೆ ಹೋಗುತ್ತಿತ್ತು. ತಡ ಮಾಡಿದವರ ಹಿಮ್ಮಡಿಗೆ ಕುಕ್ಕುತ್ತಿತ್ತು. ಅವರೇ ಅದಕ್ಕೆ ಸೂಪರ್‌ವೈಸರ್ ಎಂದು ಹೆಸರಿಟ್ಟರು. ಬೇರೆ ಹುಂಜದ ಹಾಗೆ ಮೂಡಲ ಕೆಂಪಾದಾಗ ಕೂಗುವ ಪದ್ಧತಿ ಅದಕ್ಕಿರಲಿಲ್ಲ. ಆರು ಗಂಟೆಗೆ ಫ್ಯಾಕ್ಟರಿಯ ಸೈರನ್ ಆಗಬೇಕು, ಆಗ ಕಾಂಪೌಂಡ್ ಹತ್ತಿ ಕೂಗುತ್ತಿತ್ತು. ಭಾನುವಾರ ಸೈರನ್ ಇಲ್ಲ, ಅದೂ ಕೂಗುತ್ತಿರಲಿಲ್ಲ. ವಾರದ ರಜೆ ಪಡೆಯುವ ಹುಂಜವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ನಮ್ಮವ್ವ ಕೋಳಿಗೆ ಹೆಸರಿಡಲು ಬಿಡುತ್ತಿರಲಿಲ್ಲ. ನಾನು ಚಿಕ್ಕವಳಾಗಿದ್ದಾಗ ಮರಿ ಕಾಯುವುದು ನನ್ನ ಕೆಲಸ. ಅವ್ವ ಮೊಟ್ಟೆಗೆ ಇದ್ದಿಲಿನಲ್ಲಿ ಗೆರೆ ಎಳೆದು, ರಾಗಿಯ ಮಂಕರಿಯಲ್ಲಿ ಹುಲ್ಲು ಹಾಸಿ ಕೋಳಿಯನ್ನು ಕಾವಿಗೆ ಕೂರಿಸುತ್ತಿದ್ದಳು. ಮರಿ ಹೊರಬಂದ ಮೇಲೆ ನಾನು ಕೋಲು ಹಿಡಿದು ಹದ್ದು ಬಂತೇ ಎಂದು ಆಕಾಶ ನೋಡುತ್ತ ನಿಲ್ಲಬೇಕು. ನಿಂತೂ ನಿಂತೂ ಕತ್ತು ನೋವು ಬರುತ್ತಿತ್ತು. ಒಂದು ಮರಿಗೆ ನಾನು ಪುಟ್ಟಿ ಎಂದು ಕರೆದದ್ದನ್ನು ಕೇಳಿಸಿಕೊಂಡು ಅವ್ವ ತಲೆಯ ಮೇಲೊಂದು ಮೊಟಕಿದಳು. ಕರಿಯದು, ಬಿಳಿಯದು, ಚುಕ್ಕೆಯದು, ಅಷ್ಟೇ ಸಾಕು ಎಂದಳು. ಯಾಕೆ ಎಂದು ಆಗ ಕೇಳಲಿಲ್ಲ. ಕೇಳಿದರೆ ಇನ್ನೊಂದು ಬೀಳುತ್ತಿತ್ತು.

ಒಂದು ಸಂಜೆ ನಮ್ಮ ಸೂಪರ್‌ವೈಸರ್ ಸುಮಾ ಟೀಚರ್ ಅವರ ದೊಡ್ಡ ಬೆಕ್ಕನ್ನು ಮೆಟ್ಟಿಲ ತುದಿಯವರೆಗೆ ಅಟ್ಟಿಸಿಕೊಂಡು ಹೋಯಿತು. ಹಿಂದೆ ನಾನು ಪೊರಕೆ ಹಿಡಿದು ಬೈಯುತ್ತ ಓಡಿದೆ. ಟೀಚರ್ ಬಿಡಿಸುವುದು ಬಿಟ್ಟು ಫೋನಿನಲ್ಲಿ ಅದನ್ನು ಹಿಡಿದರು. ಅವರದೊಂದು ವಾಟ್ಸಾಪ್ ಗ್ರೂಪು ಇತ್ತು, ಮೂಕಜೀವ ಬಳಗ ಎಂದು. ಮೂವತ್ತು ನಲವತ್ತು ಜನ. ವೈಟ್‌ಫೀಲ್ಡಿನವರು, ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟಿನವರು, ಪೀಣ್ಯದ ಕಡೆಯವರು ಇಬ್ಬರು. ನಾಯಿ, ಬೆಕ್ಕು, ಗಿಳಿ, ಒಬ್ಬರ ಮನೆಯಲ್ಲಿ ಆಮೆ. ಬೆಳಿಗ್ಗೆ ಒಬ್ಬರು ದೇವರ ಮೇಲೋ ಬಾಳಿನ ಮೇಲೋ ಒಂದು ಚಿಂತನೆ ಬರೆಯಬೇಕು. ಸಂಜೆ ಯಾರಾದರೂ ಮನೆಯ ಪ್ರಾಣಿಯ ಕಥೆ ಹೇಳಬೇಕು. ರಾಜಕೀಯ ಕೂಡದು, ಜಾತಿ ಕೂಡದು, ವ್ಯಾಪಾರ ಕೂಡದು. ನನ್ನ ಪೊರಕೆ ಓಟ ನೋಡಿ ಆ ಜನ ನಕ್ಕು ನಕ್ಕು, ಈ ಅಜ್ಜಿಯನ್ನು ಸೇರಿಸಿ ಎಂದರಂತೆ. ಟೀಚರ್ ಸೇರಿಸಿದರು.

ಮೂರನೇ ಕ್ಲಾಸಿಗೆ ನನ್ನನ್ನು ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದ್ದರು. ಓದುತ್ತೇನೆ, ಒತ್ತಕ್ಷರ ಬಂದ ಕಡೆ ನಿಂತು ದಾರಿ ಹುಡುಕುತ್ತೇನೆ. ಅಷ್ಟು ಚಿಕ್ಕ ಗುಂಡಿಗಳನ್ನು ಒತ್ತಿ ಬರೆಯುವುದು ನನ್ನಿಂದಾಗದು. ಅದಕ್ಕೆ ಮಾತನಾಡಿಯೇ ಕಳಿಸುತ್ತಿದ್ದೆ. ಮೊದಲನೆಯ ವಾರ ಒಂದು ದಿನ ಬೆರಳು ತೆಗೆಯುವುದನ್ನು ಮರೆತೆ. ನಲ್ಲಿ ನಿಲ್ಲಿಸದೆ ಹೋದ ರೂಮಿನವನಿಗೆ ನಾನು ಕೊಟ್ಟ ಪೂಜೆಯೆಲ್ಲ ಬಳಗಕ್ಕೆ ಹೋಯಿತು. ಮಾರನೆಯ ದಿನ ಒಬ್ಬರು, ಅಜ್ಜಿ, ನಿನ್ನೆಯ ಪ್ರವಚನ ಬಹಳ ಚೆನ್ನಾಗಿತ್ತು, ನಮ್ಮ ಮನೆಯವರಿಗೂ ಕೇಳಿಸಿದೆ ಎಂದರು. ಆಮೇಲೆ ದಿನಾ ಸಂಜೆ ಸೂಪರ್‌ವೈಸರ್ ಏನು ಮಾಡಿತು ಎಂದು ಕೇಳುವುದು ಶುರುವಾಯಿತು. ಬೈಕಿನ ಕನ್ನಡಿಯಲ್ಲಿ ಕಂಡ ಹುಂಜದ ಮೇಲೆ ಅದು ಯುದ್ಧಕ್ಕೆ ಹೋಗಿ ಕೊಕ್ಕು ಜಜ್ಜಿಕೊಂಡದ್ದು, ಕಂಪನಿ ಬಸ್ಸಿನೊಳಕ್ಕೆ ಹತ್ತಿ ಸೀಟಿನ ಮೇಲೆ ಕುಳಿತು ಇಳಿಯದೆ ಹೋದದ್ದು, ಎಲ್ಲ ಹೇಳುತ್ತಿದ್ದೆ. ಇಲ್ಲದ್ದನ್ನು ಒಂದೂ ಸೇರಿಸಲಿಲ್ಲ. ಸೇರಿಸಬೇಕಾದಷ್ಟು ಸಾಧು ಪ್ರಾಣಿಯಲ್ಲ ಅದು.

ಆ ಬಳಗದಲ್ಲಿ ವಸುಂಧರಮ್ಮ ಎಂಬವರಿದ್ದರು. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಿಯಾದವರು. ಗುಂಡ ಎಂಬ ನಾಯಿ, ಹದಿನಾಲ್ಕು ವರ್ಷದ್ದು. ಅದರ ಹಿಂಗಾಲೆರಡೂ ಸತ್ತುಹೋಗಿದ್ದವು. ಚಿಂತನೆ ಬರೆಯುವುದರಲ್ಲಿ ಅವರೇ ಎಲ್ಲರಿಗಿಂತ ಮುಂದು. ಅವರ ಕನ್ನಡ ಓದಲು ನನಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆದರೆ ಓದಿ ಮುಗಿಸಿದರೆ ಆ ಮಾತು ಇಡೀ ದಿನ ಜೊತೆಗಿರುತ್ತಿತ್ತು. ಪಾತ್ರೆ ತೊಳೆಯುವಾಗ, ಸೊಪ್ಪು ಬಿಡಿಸುವಾಗ ನಾನು ಅದರ ಜೊತೆ ಜಗಳವಾಡುತ್ತಿದ್ದೆ. ಆಮೇಲೆ ಆ ಜಗಳವನ್ನೂ ಮಾತಿನಲ್ಲಿ ಕಳಿಸುತ್ತಿದ್ದೆ. ಅವರಿಗೆ ಅದು ಹಿಡಿಸಿತು. ನನಗೊಬ್ಬಳಿಗೇ ಬೇರೆ ಮಾತು ಕಳಿಸತೊಡಗಿದರು. ದೇವರು ಇದ್ದಾನಾ ಪಿಳ್ಳಮ್ಮನವರೇ ಎಂದು ಒಂದು ದಿನ ಕೇಳಿದರು. ಇದ್ದಾನೆ, ಅವನಿಗೆ ಕೆಲಸ ಜಾಸ್ತಿ, ನಮ್ಮ ಸರದಿ ಬರುವುದು ತಡ ಎಂದೆ. ಅದನ್ನು ಮರುದಿನದ ಚಿಂತನೆಗೆ ಹಾಕಿದರು. ನನ್ನ ಹೆಸರು ಬೇರೆ ಕೆಳಗೆ. ಮಂಜುಳಾ ಓದಿ, ಅತ್ತೆ ನೀವು ಸ್ವಾಮಿಗಳಾದ್ರಲ್ಲ ಎಂದು ನಕ್ಕಳು.

ಗುಂಡನ ಮೈಯಲ್ಲಿ ಹುಣ್ಣಾಗಿತ್ತು. ಮಗ್ಗುಲು ಬದಲಿಸಿ ಮಲಗಿಸಬೇಕು, ಒರೆಸಬೇಕು, ಬಾಯಿಗೆ ಗಂಜಿ ಹಾಕಬೇಕು. ಡಾಕ್ಟರು ಇನ್ನು ಹಿಂಸೆ ಕೊಡಬೇಡಿ, ಒಂದು ಸೂಜಿಯಲ್ಲಿ ಕಳಿಸಿಬಿಡೋಣ ಎನ್ನುತ್ತಿದ್ದಾರೆ, ನನಗೆ ಮನಸ್ಸು ಬರುತ್ತಿಲ್ಲ ಎಂದು ವಸುಂಧರಮ್ಮ ನನ್ನ ಹತ್ತಿರ ಹೇಳಿದ್ದರು. ನಾನು ಸುತ್ತಿ ಬಳಸುವವಳಲ್ಲ. ಬಿಟ್ಟುಬಿಡಿ ಅದನ್ನು, ಅದಕ್ಕೆ ಸಾಕಾಗಿದೆ ಎಂದೆ. ಎರಡು ದಿನ ಅವರ ಮಾತಿಲ್ಲ. ಮೂರನೆಯ ದಿನ ಏನೂ ಆಗದವರ ಹಾಗೆ ಸೂಪರ್‌ವೈಸರ್ ಹೇಗಿದೆ ಎಂದು ಕೇಳಿದರು. ನಾನೂ ಏನೂ ಆಗದವಳ ಹಾಗೆ ಚೆನ್ನಾಗಿದೆ ಎಂದೆ.

ಈಗ ಹರಕೆಯ ವಿಷಯ. ಅದರ ಹಿಂದಿನ ಮಳೆಗಾಲದಲ್ಲಿ ಮಂಜುಳಾಗೆ ಡೆಂಗಿ ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ರಕ್ತದಲ್ಲಿ ಅದೇನೋ ಇಳಿಯುತ್ತಲೇ ಇದೆ ಎಂದರು. ಬೆಳಿಗ್ಗೆ ಇದ್ದದ್ದು ಮಧ್ಯಾಹ್ನಕ್ಕಿಲ್ಲ. ಹಲ್ಲಿನ ಸಂದಿಯಲ್ಲಿ ರಕ್ತ. ನಾಗರಾಜ ಗೋಡೆಗೆ ಹಣೆ ಇಟ್ಟುಕೊಂಡು ನಿಂತಿದ್ದ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಊರ ಮಾರಮ್ಮನಿಗೆ ಹೇಳಿದೆ: ತಾಯಿ, ಇವಳು ನಡೆದುಕೊಂಡು ಮನೆಗೆ ಬರಲಿ, ನಿನಗೊಂದು ಹುಂಜ ಕೊಡುತ್ತೇನೆ. ಎಂಟನೆಯ ದಿನ ಅವಳು ನಡೆದುಕೊಂಡೇ ಬಂದಳು. ಡಾಕ್ಟರು ಔಷಧಿ ಕೊಟ್ಟರು, ಗೊತ್ತು. ಔಷಧಿ ಪಕ್ಕದ ಹಾಸಿಗೆಯವಳಿಗೂ ಕೊಟ್ಟಿದ್ದರು.

ಹರಕೆ ಎಂದರೆ ಒಂದು ವರ್ಷದೊಳಗೆ ತೀರಿಸಬೇಕು. ನಾಗರಾಜ ಸಂತೆಯಿಂದ ಒಂದು ತಂದರಾಯಿತು ಎಂದ. ನಾನೂ ಸರಿ ಎಂದಿದ್ದೆ. ಸೂಪರ್‌ವೈಸರ್ ಆ ಲೆಕ್ಕದಲ್ಲಿ ಇರಲೇ ಇಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು, ಯಾಕೆಂದರೆ ಬಳಗದವರು ಕೊನೆಯವರೆಗೂ ಇದನ್ನು ನಂಬಲಿಲ್ಲ.

ವರ್ಷ ತುಂಬಲು ಇಪ್ಪತ್ತು ದಿನವಿತ್ತು. ಆವತ್ತು ವಸುಂಧರಮ್ಮನ ಚಿಂತನೆ. ಬೆರಳಿಟ್ಟು ಓದಿದೆ. ಬೇಡವಾದದ್ದನ್ನು ದೇವರಿಗೆ ಕೊಡುವುದು ಕಸ ಎಸೆದಂತೆ, ಕೊಡುವಾಗ ಕೈ ನಡುಗಬೇಕು, ಆಗ ಅದು ಅರ್ಪಣೆ ಎಂದು ಬರೆದಿದ್ದರು. ಕೆಳಗೆ ಎಲ್ಲರೂ ಕೈಮುಗಿದ ಗುರುತು ಹಾಕಿದ್ದರು. ನನಗೆ ಕೈಮುಗಿಯಲು ಆಗಲಿಲ್ಲ. ಕೆನ್ನೆಗೆ ಹೊಡೆದಂತಾಯಿತು. ಸೊಸೆಯ ಜೀವ ಕೇಳುವಾಗ ನಾನು ಸಂತೆಯ ಜೀವ ಕೊಡುತ್ತೇನೆ ಎಂದಿರಲಿಲ್ಲವಲ್ಲ? ಯಾರದೋ ಮನೆಯ, ಕಾಲು ಕಟ್ಟಿ ತಲೆಕೆಳಗಾಗಿ ತಂದ ಹುಂಜ. ಅದು ಹೋದರೆ ನನಗೇನು? ಮಾರಮ್ಮ ಕೇಳಿದರೆ ಏನು ಹೇಳಲಿ? ಎರಡು ದಿನ ಆ ಮಾತಿನ ಜೊತೆ ಜಗಳವಾಡಿದೆ. ಗೆಲ್ಲಲಿಲ್ಲ. ಮೂರನೆಯ ದಿನ ನಾಗರಾಜನಿಗೆ ಸಂತೆಗೆ ಹೋಗಬೇಡ ಎಂದೆ.

ಆ ಸಂಜೆ ಬಳಗಕ್ಕೆ ಮಾತು ಕಳಿಸಿದೆ. ಮುಚ್ಚಿಡುವ ಸಂಗತಿ ಎಂದು ನನಗೆ ಹೊಳೆಯಲೇ ಇಲ್ಲ. ನಮ್ಮಲ್ಲಿ ಹುಂಜ ಸಾಕುವುದು ಯಾಕೆ ಎಂದು ಯಾರೂ ಕೇಳುವುದಿಲ್ಲ. ಅವರಿಗೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಎಂದಿನ ಧ್ವನಿಯಲ್ಲೇ ಹೇಳಿದೆ.

"ವಸುಂದ್ರಮ್ಮನೋರೆ, ನೀವು ಏಳಿದ್ದು ನಂಗೆ ಸರ್ಯಾಗಿ ನಾಟ್ತು. ಸಂತೆ ಕೋಳಿ ಬ್ಯಾಡ ಅಂದ್ಬುಟ್ಟೆ. ಬರೋ ಮಂಗಳವಾರ ಮಾರಮ್ಮಂಗೆ ನಮ್ ಸೂಪರ್‌ವೈಜರ್ನೇ ಕುಯ್ತೀವಿ. ಕೈ ಈಗ್ಲೇ ನಡುಗ್ತಾ ಅದೆ."

ಆಮೇಲೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ನಾನು ಓದಿ ಮುಗಿಸುವ ಮೊದಲೇ ಇನ್ನೂ ಹತ್ತು ಬಂದು ಕೂರುತ್ತಿದ್ದವು. ಬೂದುಗುಂಬಳಕಾಯಿ ಒಡೆಯಿರಿ ಅಜ್ಜಿ ಎಂದರು. ಬೆಳ್ಳಿಯಲ್ಲಿ ಹುಂಜ ಮಾಡಿಸಿಕೊಡುತ್ತೇವೆ ಎಂದರು. ಆಮೆಯವರು, ನಮ್ಮ ಬಾಲ್ಕನಿಯಲ್ಲಿ ಇಟ್ಟುಕೊಳ್ಳುತ್ತೇವೆ, ಕಾರು ಕಳಿಸಲಾ ಎಂದರು. ಪೀಣ್ಯದವರೊಬ್ಬರು ಪೊಲೀಸರಿಗೆ ಹೇಳಬೇಕಾಗುತ್ತದೆ ಎಂದರು. ಇಷ್ಟು ದಿನ ಪ್ರೀತಿ ತೋರಿಸಿದ್ದು ಕೊಬ್ಬಿಸಲಿಕ್ಕಾ ಎಂದು ಒಬ್ಬರು ಕೇಳಿದರು. ಆ ಕೊನೆಯದು ನಾಟಿತು. ಉಳಿದದ್ದು ನಾಟಲಿಲ್ಲ.

ವಸುಂಧರಮ್ಮ ನನಗೊಬ್ಬಳಿಗೇ ಕಳಿಸಿದರು. "ಪಿಳ್ಳಮ್ಮನವರೇ, ನಾನು ಬರೆದದ್ದು ಮನಸ್ಸಿನ ವಿಷಯ. ಅಹಂಕಾರ ಬಿಡಬೇಕು, ಆಸೆ ಬಿಡಬೇಕು ಅಂತ. ಕೋಳಿ ವಿಷಯ ಅಲ್ಲ. ನನ್ನ ಮಾತನ್ನ ಇದಕ್ಕೆ ತರಬೇಡಿ, ದಯವಿಟ್ಟು."

"ಮನಸ್ನ ಎಂಗೆ ಕೊಡದು ಅಂತ ನಂಗೊತ್ತಿಲ್ಲ," ಎಂದೆ. "ಕೋಳಿ ಕೊಡದು ಗೊತ್ತು."



ಮಾರನೆಯ ದಿನ ಸುಮಾ ಟೀಚರ್ ಕೆಳಗೆ ಬಂದರು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತರು. ಬೆಳಿಗ್ಗೆಯಿಂದ ಬಳಗದವರು ಅವರನ್ನು ಹುರಿದು ಮುಕ್ಕಿದ್ದರು, ಪಾಪ. "ಅಜ್ಜಿ, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಗ್ರೂಪಿಂದ ತೆಗೀಬೇಕಾಗಿದೆ. ಎಲ್ಲರೂ ಬಿಟ್ಟು ಹೋಗ್ತೀವಿ ಅಂತಿದಾರೆ," ಎಂದರು. ತೆಗೆಯಿರಿ ಎಂದೆ. "ಹುಂಜ ಬಿಟ್ಬಿಟ್ರೆ ವಾಪಸ್ ಸೇರಿಸ್ತೀನಿ. ನೀವಿಲ್ದಿದ್ರೆ ಗ್ರೂಪು ಸಪ್ಪೆ," ಎಂದರು. ಅವರ ಕಣ್ಣು ನನ್ನ ಹಿಂದೆ, ಹಿತ್ತಲಲ್ಲಿತ್ತು. ಅಲ್ಲಿ ಸೂಪರ್‌ವೈಸರ್ ಅವರ ಚಿಕ್ಕ ಬೆಕ್ಕಿನ ಬಟ್ಟಲಿನಿಂದ ಅನ್ನ ತಿನ್ನುತ್ತಿತ್ತು.

ನಾನು ಕಲ್ಲೆದೆಯವಳು ಎಂದು ಬಳಗದಲ್ಲಿ ಬರೆದರಂತೆ. ಇರಬಹುದು. ಆದರೆ ಆ ಮೂರು ದಿನ ನಾನು ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಮುದ್ದೆ ಗಂಟಾಯಿತು. ಹಾಲು ಎರಡು ಸಲ ಉಕ್ಕಿತು. ಸಂಜೆ ಐದು ಗಂಟೆಗೆ ಹೆಬ್ಬೆರಳು ತಾನಾಗಿ ಫೋನಿಗೆ ಹೋಗುತ್ತಿತ್ತು, ಒತ್ತಲು ಜಾಗವಿಲ್ಲ. ಅರವತ್ತೇಳು ವರ್ಷ ನನ್ನ ಮಾತು ಕೇಳಲು ಯಾರೂ ಕಾದವರಲ್ಲ. ಗಂಡ ಕೇಳಿದವನಲ್ಲ, ಮಗ ಊಟ ಆಯಿತಾ ಎಂದಷ್ಟೇ. ಅಲ್ಲಿ ನಲವತ್ತು ಜನ ಕಾಯುತ್ತಿದ್ದರು. ಒಂದು ಹುಂಜಕ್ಕೆ ಅದನ್ನೆಲ್ಲ ಕಳೆದುಕೊಳ್ಳಬೇಕೆ ಎಂದು ಅನ್ನಿಸಲಿಲ್ಲ ಎಂದರೆ ಸುಳ್ಳು. ಬಿಟ್ಟುಬಿಡೋಣ, ಸಂತೆಯದನ್ನೇ ತರೋಣ ಎಂದು ಶನಿವಾರ ತೀರ್ಮಾನ ಮಾಡಿಯೂ ಇದ್ದೆ.

ಮಂಜುಳಾ ಅದನ್ನು ಕೇಳಿ ನೆಮ್ಮದಿಪಟ್ಟಳು. ಹರಕೆ ನನಗಾಗಿ ಹೊತ್ತದ್ದು, ನನಗೇ ಬೇಡ ಅಂದಮೇಲೆ ಬಿಡಿ ಎಂದಳು. ಆಸ್ಪತ್ರೆಯಲ್ಲಿ ಮಲಗಿದ್ದಾಗ ಬೇಡ ಎಂದಿದ್ದೆಯಾ ಎಂದು ಕೇಳಿದೆ. ಆಗ ಪ್ರಜ್ಞೆ ಎಲ್ಲಿತ್ತು ಅತ್ತೆ ಎಂದಳು. ಅದೂ ಸರಿಯೇ.

ಭಾನುವಾರ ಮಧ್ಯಾಹ್ನ ಅವಳು ಬಟ್ಟೆ ಒಗೆದು ಬಂದು ಗೋಡೆಗೊರಗಿ ಕುಳಿತಳು. ಚಳಿ ಎಂದಳು. ಹಣೆ ಮುಟ್ಟಿದೆ, ಸುಡುತ್ತಿತ್ತು.

ಅದು ಬರೀ ನೆಗಡಿ ಜ್ವರ ಎಂದು ಆಮೇಲೆ ಗೊತ್ತಾಯಿತು. ಆಮೇಲೆ. ಆಗ ನನಗೆ ಕಂಡದ್ದು ಆ ಬೆಂಚು, ಗೋಡೆಗೆ ಹಣೆ ಇಟ್ಟ ಮಗ, ಹಲ್ಲಿನ ಸಂದಿಯ ರಕ್ತ. ನಾನು ಎದ್ದು ಹೋಗಿ ಮಾರಮ್ಮನ ಗುಡಿಯ ದಿಕ್ಕಿಗೆ ಕೈಮುಗಿದು, ತಪ್ಪಾಯಿತು ಎಂದೆ. ಮಂಗಳವಾರ ಎಂದೆ. ಇನ್ನು ಆ ಮಾತು ಯಾರೂ ಎತ್ತಬಾರದು ಎಂದು ಮನೆಯವರಿಗೆ ಹೇಳಿದೆ. ಎತ್ತಲಿಲ್ಲ.

ಮಂಗಳವಾರ ಹಿತ್ತಲಲ್ಲಿ, ಮಾರಮ್ಮನ ಹೆಸರಲ್ಲಿಟ್ಟ ಕಲ್ಲಿನ ಮುಂದೆ. ಬೇವಿನ ಸೊಪ್ಪು, ಅರಿಶಿನ ನೀರು. ಹರಕೆ ಹೊತ್ತವಳು ನಾನು, ಹಿಡಿದುಕೊಳ್ಳುವುದೂ ನಾನೇ ಎಂದೆ. ಕೋಳಿಯನ್ನು ಹಿಡಿಯುವುದಕ್ಕೆ ಒಂದು ಕ್ರಮವಿದೆ. ಎಡಗೈ ಕಂಕುಳಲ್ಲಿ ರೆಕ್ಕೆ ಒತ್ತಿಕೊಂಡು, ಬಲ ಅಂಗೈಯಲ್ಲಿ ಮೆಲ್ಲಗೆ ಕಣ್ಣು ಮುಚ್ಚಿದರೆ ಕತ್ತಲಾಯಿತು ಎಂದುಕೊಂಡು ಸುಮ್ಮನಾಗುತ್ತದೆ. ಅವ್ವ ಕಲಿಸಿದ್ದು. ಯಾರನ್ನೂ ಬಿಡದೆ ಕುಕ್ಕುತ್ತಿದ್ದ ಸೂಪರ್‌ವೈಸರ್ ನನ್ನ ಕೈಯಲ್ಲಿ ಸುಮ್ಮನೆ ಕುಳಿತಿತ್ತು. ಅದರ ಎದೆ ಹೊಡೆದುಕೊಳ್ಳುವುದು ನನ್ನ ಪಕ್ಕೆಗೆ ಗೊತ್ತಾಗುತ್ತಿತ್ತು. ಮೊದಲು ಜೋರು, ಆಮೇಲೆ ನಿಧಾನ. ಅದು ಪೂರ್ತಿ ನಿಧಾನವಾಗುವವರೆಗೆ ಕತ್ತಿ ಹಿಡಿದು ನಿಂತ ನಾಗರಾಜನನ್ನು ಕಾಯಿಸಿದೆ. ನಲ್ಲಿ ಬಿಟ್ಟು ಹೋದ ರೂಮಿನವನ ವಿಷಯ, ಏನೇನೋ ಅದಕ್ಕೆ ಹೇಳುತ್ತಿದ್ದೆ. ಆಮೇಲೆ ಈಗ ಎಂದೆ.

ಸಾರು ಚೆನ್ನಾಗಿತ್ತು. ದೇವರಿಗೆ ಒಪ್ಪಿಸಿದ್ದನ್ನು ಉಣ್ಣದೆ ಬಿಡುವಂತಿಲ್ಲ. ಹುಂಜದ ಮಾಂಸ ಗಟ್ಟಿ, ನನ್ನ ಹಲ್ಲಿಗೆ ಆಗಲಿಲ್ಲ, ಸಾರಿನಲ್ಲಿ ಮುದ್ದೆ ಉಂಡೆ. ರೂಮಿನವರಿಗೂ ಕೊಟ್ಟೆವು. ಶರಣವ್ವ ಎಂಬುವಳು ಬಟ್ಟಲು ತೆಗೆದುಕೊಂಡು, "ಯವ್ವಾ, ದಿನಾ ಇದರ ಕೈಲೆ ಕುಕ್ಕಿಸ್ಕೊಂಡೀನ್ರಿ. ಹೆಂಗ ಉಣ್ಣಲಿ?" ಎಂದಳು. ಉಣ್ಣು ಎಂದೆ. ಮರುದಿನ ಆರು ಗಂಟೆಗೆ ಸೈರನ್ ಆಯಿತು. ಅಷ್ಟೇ ಆಯಿತು.

ಮೇಲಿನ ಮನೆಯಿಂದ ಎರಡು ದಿನ ಊದುಬತ್ತಿಯ ವಾಸನೆ ಬಂತು. ಸುಮಾ ಟೀಚರ್ ಮೆಟ್ಟಿಲಲ್ಲಿ ಎದುರಾದರೆ ಬ್ಯಾಗಿನಲ್ಲಿ ಏನೋ ಹುಡುಕುತ್ತಿದ್ದರು. ನಾನು ಚೀಲದಲ್ಲಿ ತರಕಾರಿ ಹುಡುಕುತ್ತಿದ್ದೆ. ಹೀಗೆ ಹನ್ನೆರಡು ದಿನ.

ಹದಿಮೂರನೆಯ ದಿನ ಸಂಜೆ ಫೋನು ಬಡಿದುಕೊಂಡಿತು. ಕಳಿಸಿದ ಮಾತಲ್ಲ, ನೇರ ಕರೆ. ಅಲ್ಲಿಯವರೆಗೆ ವಸುಂಧರಮ್ಮನೂ ನಾನೂ ನೇರ ಮಾತನಾಡಿದ್ದೇ ಇಲ್ಲ. ನಾನು ಹೇಳಿ ಮುಗಿಸಿದ ಮೇಲೆ ಅವರು ಹೇಳುವುದು, ಅವರು ಮುಗಿಸಿದ ಮೇಲೆ ನಾನು. ಅಡ್ಡ ಮಾತಿಗೆ ಜಾಗವಿರಲಿಲ್ಲ.

"ಪಿಳ್ಳಮ್ಮನವರೇ, ನಾನು ವಸುಂಧರಾ."

ಹೇಳಿ ಎಂದೆ. ಕ್ಷಮೆ ಗಿಮೆ ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ.

"ಆವತ್ತು ಅದನ್ನ ಹಿಡ್ಕೊಂಡಿದ್ದವರು ಯಾರು?"

"ನಾನೇ."

"ಹೆದರಿತಾ?"

"ಮೊದ್ಲು ಒಸಿ. ಆಮ್ಯಾಕೆ ಇಲ್ಲ. ಸುಮ್ಕಿತ್ತು."

"ನಿಮಗೆ?"

"ನಂಗೆ ಹೆದ್ರಿಕೆ ಇತ್ತು. ಅದ್ಕೆ ಗೊತ್ತಾಗ್ದಂಗೆ ಮಾತಾಡ್ತಾ ಇದ್ದೆ."

ಆಮೇಲೆ ಅವರು ಹೇಳಿದರು. ಗುಂಡ ಮೂರು ದಿನದಿಂದ ಗಂಜಿಯನ್ನೂ ನುಂಗುತ್ತಿಲ್ಲ. ಹುಣ್ಣಿನಲ್ಲಿ ಹುಳು ಬಿದ್ದಿದೆ. ಡಾಕ್ಟರನ್ನು ಮೂರು ಸಲ ಬರಹೇಳಿ, ಮೂರು ಸಲವೂ ಬಾಗಿಲಿನಿಂದಲೇ ವಾಪಸ್ಸು ಕಳಿಸಿದ್ದಾರೆ. ನಾಳೆ ಹತ್ತು ಗಂಟೆಗೆ ಮತ್ತೆ ಬರುತ್ತಾರೆ. ಬಳಗದಲ್ಲಿ ಹೇಳಿದರೆ ಎಲ್ಲರೂ ಪ್ರಾರ್ಥನೆ ಮಾಡುತ್ತೇವೆ ಎಂದರು, ದೀಪದ ಗುರುತು ಹಾಕಿದರು. ಬರುತ್ತೇನೆ ಎಂದವರಿಲ್ಲ. ಬನ್ನಿ ಎಂದು ಇವರೂ ಕೇಳಿಲ್ಲ.

"ಬಿಡಬೇಕು ಬಿಡಬೇಕು ಅಂತ ವರ್ಷಗಟ್ಟಲೆ ಬರೆದೆ, ಪಿಳ್ಳಮ್ಮನವರೇ. ನನ್ನ ಕೈಲಿ ಒಂದು ನಾಯಿ ಬಿಡೋಕಾಗ್ತಿಲ್ಲ. ನೀವು ಬಂದು ಹಿಡ್ಕೊಳ್ತೀರಾ? ನಾನು ಒಳಗೆ ರೂಮಲ್ಲಿ ಇರ್ತೀನಿ. ಆದಮೇಲೆ ಕರೀರಿ."

ನನ್ನನ್ನು ಕರೆದದ್ದು ಯಾಕೆ ಎಂದು ನನಗೆ ಅರ್ಥವಾಗಿತ್ತು. ಕೊಂದ ಕೈ ಎಂದು ಕರೆದಿದ್ದರು. ಅದರಲ್ಲಿ ಬೇಜಾರಾಗುವಂಥದ್ದೇನಿದೆ, ಅದು ನಿಜವೇ. ಆದರೆ ಅವರು ಕೇಳಿದ್ದರಲ್ಲಿ ಒಂದು ತಪ್ಪಿತ್ತು.

"ಬತ್ತೀನಿ," ಎಂದೆ. "ಆದ್ರೆ ಹಿಡ್ಕಳದು ನಾನಲ್ಲ, ನೀವು. ಹದಿನಾಕು ವರ್ಷ ಸಾಕಿರೋರು ನೀವು. ಅದು ಯಾಕೆ ನನ್ ಮೂತಿ ನೋಡ್ಕಂಡು ಹೋಗ್ಬೇಕು?"

"ನನ್ನ ಕೈಲಾಗಲ್ಲ."

"ಆಗದೆ ಇದ್ರೂ ಕೂತ್ಕಳಿ. ನಾನು ಪಕ್ಕದಲ್ಲಿರ್ತೀನಿ. ಮನೆ ಎಲ್ಲಿ ಬರ್ತದೆ ಹೇಳಿ."

ಅವರು ಹೇಳಿದ ವಿಳಾಸವನ್ನು ಮಂಜುಳಾ ಚೀಟಿಯಲ್ಲಿ ಬರೆದುಕೊಟ್ಟಳು. ನಾಗರಾಜ, ಒಬ್ಬಳೇ ಅಷ್ಟು ದೂರ ಹೋಗುತ್ತೀಯಾ, ಮುಖ ನೋಡದವರ ಮನೆಗೆ, ಅದೂ ನಿನ್ನನ್ನು ಬೈದು ಹೊರಗೆ ಹಾಕಿದವರು ಎಂದ. ಹೊರಗೆ ಹಾಕಿದ್ದು ಅವರಲ್ಲ ಎಂದೆ. ಹಾಕಿದ್ದರೂ ಹೋಗುತ್ತಿದ್ದೆ ಅನ್ನುವುದನ್ನು ಹೇಳಲಿಲ್ಲ. ಅವನಿಗೆ ಎಲ್ಲವನ್ನೂ ಹೇಳುವ ಅಭ್ಯಾಸ ನನಗಿಲ್ಲ.

ಮಾರನೆಯ ದಿನ ಬೆಳಿಗ್ಗೆ ಸೈರನ್‌ಗೆ ಮೊದಲೇ ಸ್ನಾನ ಮಾಡಿ ಹೊರಟೆ. ಬಸ್ಸು ಬದಲಿಸಿ, ಮಾರತ್ತಹಳ್ಳಿಯಲ್ಲಿ ಇಳಿದು, ಕುತ್ತಿಗೆಗೆ ಕಂಪನಿ ಕಾರ್ಡಿನ ಪಟ್ಟಿ ಹಾಕಿಕೊಂಡ ಹುಡುಗಿಯರ ನಡುವೆ ನಿಂತು ಇನ್ನೊಂದು ಬಸ್ಸು ಹಿಡಿದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವನು ಯಾರ ಮನೆ ಕೆಲಸಕ್ಕೆ ಎಂದು ಕೇಳಿದ. ಕೆಲಸಕ್ಕಲ್ಲ, ನೆಂಟರು ಎಂದೆ. ಪುಸ್ತಕದಲ್ಲಿ ಹೆಸರು ಬರೆಯಬೇಕು ಎಂದ. ಪೆನ್ನು ತೆಗೆದುಕೊಂಡು ಬರೆದೆ. ಹಿಂದೆ ನಿಂತಿದ್ದವರು ಕಾಯಬೇಕಾಯಿತು, ಕಾದರು.

ವಸುಂಧರಮ್ಮ ಅವರ ಧ್ವನಿಗಿಂತ ಚಿಕ್ಕವರಾಗಿದ್ದರು. ನನ್ನ ಭುಜಕ್ಕೆ ಬರುತ್ತಿದ್ದರು. ಕಾಫಿ ಕೊಡಲು ಅಡುಗೆಮನೆಗೆ ಹೋಗುತ್ತಿದ್ದವರನ್ನು ತಡೆದೆ. ಗುಂಡ ನಡುಮನೆಯ ನೆಲದ ಮೇಲೆ, ಹಳೆಯ ಸೀರೆ ಹಾಸಿದ ಹಾಸಿಗೆಯಲ್ಲಿ ಮಲಗಿತ್ತು. ದೊಡ್ಡ ನಾಯಿ. ವಾಸನೆಯಿತ್ತು. ನಾನು ಬಿಸಿನೀರು ಕೇಳಿ ಬಟ್ಟೆಯಲ್ಲಿ ಅದರ ಹಿಂಭಾಗ ಒರೆಸಿದೆ. ಅದು ನನ್ನನ್ನು ಒಮ್ಮೆ ನೋಡಿ, ಮತ್ತೆ ಅವರನ್ನು ಹುಡುಕಿತು. ಕೂತುಕೊಳ್ಳಿ ಎಂದೆ. ಅವರು ನಿಂತೇ ಇದ್ದರು. ಇಲ್ಲಿ, ತಲೆಯ ಹತ್ತಿರ ಎಂದು ಕೈ ಹಿಡಿದು ಕೂರಿಸಿದೆ. ಏನು ಮಾತಾಡಲಿ ಎಂದು ಕೇಳಿದರು. ಇವತ್ತು ಹಾಲಿನವನು ಬಂದನಾ, ಅದನ್ನೇ ಹೇಳಿ ಎಂದೆ.

ವಸುಂಧರಮ್ಮ ಗುಂಡನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು ಹಾಲಿನವನ ವಿಷಯ ಹೇಳತೊಡಗಿದರು. ಬಾಗಿಲ ಗಂಟೆ ಬಾರಿಸಿತು. ಅವರು ಮಾತು ನಿಲ್ಲಿಸಿ ನನ್ನ ಕಡೆ ನೋಡಿದರು. ನೀವು ಹೇಳುತ್ತಿರಿ ಎಂದು ಕಣ್ಣಲ್ಲೇ ಹೇಳಿ, ನಾನು ಎದ್ದು ಹೋಗಿ ಡಾಕ್ಟರಿಗೆ ಬಾಗಿಲು ತೆಗೆದೆ.